ಮಿಸೌರಿಯಲ್ಲಿ ಮಾರ್ಮನರು: ಯೂಟಾಕ್ಕೆ ಮೊದಲು ಓದಬೇಕಾದ ಅಧ್ಯಾಯ

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಗಡವಾದ ಮಾರ್ಮನರು ಎಂದೊಡನೆ ನಾವು ಅಲ್ಲಿನ ‘ಯೂಟಾ’ ರಾಜ್ಯ ಎಂದು ಬರೆದು ಮುಂದೆ ಹೋಗಿಬಿಡುತ್ತೇವೆ. ಅವರು ಯೂಟಾ ತಲುಪಿದ್ದು 1847ರಲ್ಲಿ. ಅದಕ್ಕೂ ಮುಂಚೆ ‘ಇದೇ ನಮ್ಮ ನೆಲ’ ಎಂದು ಅವರು ನಂಬಿ ಬಂದದ್ದು ಮಿಸೌರಿಗೆ. ಅಲ್ಲಿಂದ ಅವರನ್ನು ಓಡಿಸಿದ್ದೇಕೆ ಎಂದು ತಿಳಿಯದೆ ಯೂಟಾದ ಕಥೆ ಅರ್ಥವಾಗದು.

ಮಿಸೌರಿಯೇ ಏಕೆ?

ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮಾರ್ಮನರ ಸಭೆಯನ್ನು (ಚರ್ಚನ್ನು) ಸ್ಥಾಪಿಸಿದರು. ಮರುವರ್ಷವೇ, ಮಿಸೌರಿಯ ಜಾಕ್ಸನ್ ಕೌಂಟಿಯ (ನಮ್ಮ ಜಿಲ್ಲೆಯಂಥದು) ಇಂಡಿಪೆಂಡೆನ್ಸ್ ಪಟ್ಟಣವೇ ಚೀಯೋನ್ ಎಂದು ತಮಗೆ ದೈವವಾಣಿಯಾಯಿತೆಂದು ಸಾರಿದರು. ಕನ್ನಡ ಬೈಬಲ್ ಓದಿದವರಿಗೆ ‘ಚೀಯೋನ್’ ಪರಿಚಿತ ಪದ. ಇಲ್ಲಿ ಅದರ ಅರ್ಥ, ಕ್ರಿಸ್ತನ ಎರಡನೆಯ ಬರುವಿಕೆಗಾಗಿ ಭಕ್ತರು ಒಟ್ಟುಗೂಡಿ ಕಟ್ಟಬೇಕಾದ ನಗರ. 1831ರ ಆಗಸ್ಟ್ 3ರಂದು ಸ್ಮಿತ್ ಅಲ್ಲಿ ದೇವಾಲಯದ ಜಾಗವನ್ನು ಗುರುತಿಸಿ ಪ್ರತಿಷ್ಠೆ ಮಾಡಿದರು. ವರ್ಷದ ಕೊನೆಯಲ್ಲಿ ಬಿಷಪ್ ಎಡ್ವರ್ಡ್ ಪಾರ್ಟ್ರಿಜ್ ಆ ಜಾಗವೂ ಸೇರಿ ಸುಮಾರು 63 ಎಕರೆ ಕೊಂಡರು.

1833: ಮೊದಲ ಸಲ ಒಕ್ಕಲೆಬ್ಬಿಸಿದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ‘ಧಾರ್ಮಿಕ ದ್ವೇಷ’ ಎಂದು ಎರಡೇ ಪದದಲ್ಲಿ ಉತ್ತರ ಬರೆದರೆ ಅರ್ಧ ಕಾರಣ ಬಿಟ್ಟುಹೋಗುತ್ತದೆ. ಮಿಸೌರಿ 1821ರಲ್ಲಿ ಗುಲಾಮಗಿರಿ ಉಳಿಸಿಕೊಂಡೇ ಒಕ್ಕೂಟ ಸೇರಿದ ರಾಜ್ಯ. ಜಾಕ್ಸನ್ ಕೌಂಟಿಯ ಹಳಬರಲ್ಲಿ ಹೆಚ್ಚಿನವರು ದಕ್ಷಿಣದ ರಾಜ್ಯಗಳಿಂದ ಬಂದವರು. ಮಾರ್ಮನರಲ್ಲಿ ಬಹುಪಾಲು ಉತ್ತರದವರು. ಎರಡೇ ವರ್ಷದಲ್ಲಿ ಸುಮಾರು 1,200 ಮಂದಿ ಬಂದು ನೆಲೆಸಿದರು. ಜಮೀನನ್ನು ಒಗ್ಗಟ್ಟಾಗಿ ಕೊಳ್ಳುತ್ತಿದ್ದರು. ಈ ನೆಲ ದೇವರು ತಮಗೆ ಕೊಟ್ಟ ಸ್ವಾಸ್ತ್ಯ, ಅಂದರೆ ತಮ್ಮ ಹಕ್ಕಿನ ಪಾಲು, ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಇವರೆಲ್ಲ ಒಂದೇ ಕಡೆ ಮತ ಹಾಕಿದರೆ ಕೌಂಟಿಯ ಆಡಳಿತ ಕೈತಪ್ಪುತ್ತದೆಂಬ ಭಯ ಹಳಬರಿಗೆ ಹತ್ತಿತು. ಆ ಜುಲೈನಲ್ಲಿ ಮಾರ್ಮನ್ ಪತ್ರಿಕೆಯಲ್ಲಿ ಸ್ವತಂತ್ರ ಕಪ್ಪು ಜನರ ವಲಸೆಯ ಬಗ್ಗೆ ಬಂದ ಲೇಖನವೊಂದು, ಅವರನ್ನು ಇಲ್ಲಿಗೆ ಕರೆಸುತ್ತಿದ್ದಾರೆಂಬ ಗುಲ್ಲಿಗೆ ದಾರಿಯಾಯಿತು.

ಜುಲೈ 20ರಂದು ಗುಂಪೊಂದು ಆ ಪತ್ರಿಕೆಯ ಮುದ್ರಣಾಲಯವನ್ನು ಕೆಡವಿತು. ಪಾರ್ಟ್ರಿಜ್ ಅವರ ಮೈಗೆ ಟಾರು ಬಳಿದು ಹಕ್ಕಿಗರಿ ಅಂಟಿಸಿತು. ಅಚ್ಚಾಗುತ್ತಿದ್ದ ಧರ್ಮಗ್ರಂಥದ ಹಾಳೆಗಳನ್ನು ಬೀದಿಗೆ ಎಸೆದಾಗ, ಹದಿಹರೆಯದ ಇಬ್ಬರು ಅಕ್ಕತಂಗಿಯರು, ಮೇರಿ ಮತ್ತು ಕ್ಯಾರೊಲಿನ್ ರೋಲಿನ್ಸ್, ಸಿಕ್ಕಷ್ಟು ಬಾಚಿಕೊಂಡು ಜೋಳದ ಹೊಲದಲ್ಲಿ ಅಡಗಿ ಉಳಿಸಿದರು. ಈ ಇಡೀ ಅಧ್ಯಾಯದಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ದೃಶ್ಯ ಇದು. ನವೆಂಬರ್ ಹೊತ್ತಿಗೆ ಎಲ್ಲರೂ ಮಿಸೌರಿ ನದಿ ದಾಟಿ ಉತ್ತರದ ಕ್ಲೇ ಕೌಂಟಿಗೆ ಗುಳೆ ಹೋಗಬೇಕಾಯಿತು.

1838: ಗವರ್ನರ್ ಆದೇಶ

1836ರ ಕೊನೆಯಲ್ಲಿ ಮಾರ್ಮನರಿಗೆಂದೇ ಕಾಲ್ಡ್‌ವೆಲ್ ಎಂಬ ಹೊಸ ಕೌಂಟಿ ರಚನೆಯಾಯಿತು. ಅದಕ್ಕಾಗಿ ಶಾಸನಸಭೆಯಲ್ಲಿ ದುಡಿದವರು ವಕೀಲ ಅಲೆಕ್ಸಾಂಡರ್ ಡೊನಿಫನ್. ಈ ಹೆಸರು ನೆನಪಿಡಿ. ಅಲ್ಲಿನ ಫಾರ್ ವೆಸ್ಟ್ ಊರು ಬೇಗ ಬೆಳೆದು, ಜನ ಪಕ್ಕದ ಕೌಂಟಿಗಳಿಗೂ ಹರಡಿದರು. ಹಳೆಯ ಭಯ ಮತ್ತೆ ಎದ್ದಿತು. 1838ರ ಆಗಸ್ಟ್ 6ರಂದು ಪಕ್ಕದ ಕೌಂಟಿಯ ಗ್ಯಾಲಟಿನ್ ಊರಿನಲ್ಲಿ ಮಾರ್ಮನರು ಮತ ಹಾಕದಂತೆ ತಡೆದಾಗ ಹೊಡೆದಾಟವಾಯಿತು. ಅಕ್ಟೋಬರಿನಲ್ಲಿ ಮಾರ್ಮನರ ಪಡೆಯೂ ಗ್ಯಾಲಟಿನ್‌ಗೆ ನುಗ್ಗಿ ಸುಲಿಗೆ ಮಾಡಿ ಬೆಂಕಿ ಹಚ್ಚಿತು. ಇದನ್ನು ಮುಚ್ಚಿಟ್ಟು ಬರೆಯುವುದು ಇತಿಹಾಸಕ್ಕೆ ನ್ಯಾಯವಲ್ಲ.

ಅಕ್ಟೋಬರ್ 27ರಂದು ಗವರ್ನರ್ ಲಿಲ್ಬರ್ನ್ ಬಾಗ್ಸ್ 44ನೇ ಆದೇಶ ಹೊರಡಿಸಿದರು: ಮಾರ್ಮನರನ್ನು ಶತ್ರುಗಳೆಂದೇ ಕಾಣಬೇಕು, ಅಗತ್ಯಬಿದ್ದರೆ ನಿರ್ಮೂಲ ಮಾಡಬೇಕು, ಇಲ್ಲವೇ ರಾಜ್ಯದಿಂದ ಓಡಿಸಬೇಕು. ಮೂರು ದಿನದ ಬಳಿಕ ಹಾನ್ಸ್ ಮಿಲ್ ಎಂಬ ಹಳ್ಳಿಯಲ್ಲಿ ಸಶಸ್ತ್ರ ಗುಂಪೊಂದು 17 ಮಾರ್ಮನರನ್ನು ಕೊಂದಿತು. ಅವರಲ್ಲಿ ಹತ್ತು ವರ್ಷದ ಹುಡುಗನೂ ಇದ್ದ. ಇದು ಆದೇಶದ ನೇರ ಫಲ ಎಂದು ಬರೆಯಬೇಡಿ. ಆದೇಶ ಆ ದಾಳಿಕೋರರಿಗೆ ತಲುಪಿರಲಿಲ್ಲ ಎಂಬುದು ಬಹುತೇಕ ಇತಿಹಾಸಕಾರರ ಅಭಿಪ್ರಾಯ.

ಫಾರ್ ವೆಸ್ಟ್ ರಾಜ್ಯದ ಮಿಲಿಷಿಯಾಕ್ಕೆ (ನಾಗರಿಕರಿಂದ ಕಟ್ಟಿದ ಪಡೆಗೆ) ಶರಣಾದಾಗ, ಸ್ಮಿತ್ ಮತ್ತು ಸಂಗಡಿಗರನ್ನು ಗುಂಡಿಕ್ಕಿ ಕೊಲ್ಲುವಂತೆ ಸೇನಾಧಿಕಾರಿ ಸ್ಯಾಮ್ಯುಯೆಲ್ ಲೂಕಸ್ ಆಜ್ಞೆ ಮಾಡಿದರು. ಆಜ್ಞೆ ಬಂದದ್ದು ಮಿಲಿಷಿಯಾದಲ್ಲಿದ್ದ ಡೊನಿಫನ್ ಅವರಿಗೇ. ಇದು ಶುದ್ಧ ಕೊಲೆ, ನಾನು ಪಾಲಿಸುವುದಿಲ್ಲ ಎಂದು ಅವರು ಉತ್ತರಿಸಿದರು. ಸ್ಮಿತ್ ಬದುಕುಳಿದು ಲಿಬರ್ಟಿ ಊರಿನ ಸೆರೆಮನೆಯಲ್ಲಿ ಚಳಿಗಾಲ ಕಳೆದರು. ಸಾವಿರಾರು ಜನ ಆ ಚಳಿಯಲ್ಲೇ ಪೂರ್ವದ ಇಲಿನಾಯ್ ರಾಜ್ಯಕ್ಕೆ ನಡೆದರು.

ಇಂದು

1976ರ ಜೂನ್ 25ರಂದು ಗವರ್ನರ್ ಕ್ರಿಸ್ಟೋಫರ್ ಬಾಂಡ್ 44ನೇ ಆದೇಶವನ್ನು ರದ್ದುಪಡಿಸಿ ವಿಷಾದ ವ್ಯಕ್ತಪಡಿಸಿದರು. ಈಗ ರಾಜ್ಯದಲ್ಲಿ ಯೂಟಾದಲ್ಲಿ ಕೇಂದ್ರವಿರುವ ದೊಡ್ಡ ಸಭೆಯ ದೇವಾಲಯಗಳು ಸೇಂಟ್ ಲೂಯಿಸ್‌ನಲ್ಲೂ (1997) ಕಾನ್ಸಸ್ ಸಿಟಿಯಲ್ಲೂ (2012) ಇವೆ. ಗಮನಿಸಿ: ಇವರಲ್ಲಿ ಭಾನುವಾರದ ಆರಾಧನೆಯ ಕಟ್ಟಡ ಬೇರೆ, ವಿಶೇಷ ವಿಧಿಗಳ ದೇವಾಲಯ ಬೇರೆ. ಈ ಸಭೆ 2018ರಲ್ಲಿ ಬೆಂಗಳೂರಿಗೆ ಘೋಷಿಸಿದ್ದು ಇಂಥ ದೇವಾಲಯವನ್ನೇ.

ಸ್ಮಿತ್ ಗುರುತಿಸಿದ ಮೂಲ ಜಾಗ ಮಾತ್ರ ಆ ದೊಡ್ಡ ಸಭೆಯ ಕೈಯಲ್ಲಿಲ್ಲ. ಸ್ಮಿತ್ ಮರಣದ ನಂತರ ಅನುಯಾಯಿಗಳು ಕವಲೊಡೆದರು. ‘ಟೆಂಪಲ್ ಲಾಟ್’ ಎಂಬ ಸಣ್ಣ ಪಂಗಡ ಆ 63 ಎಕರೆಯಲ್ಲಿ ಮೂಲ ಜಾಗವಿರುವ ಎರಡೂವರೆ ಎಕರೆಯ ಒಡೆತನ ಪಡೆಯಿತು. ಇಂದು ಕಮ್ಯುನಿಟಿ ಆಫ್ ಕ್ರೈಸ್ಟ್ ಎನಿಸಿಕೊಂಡಿರುವ ಪಂಗಡ ಮೊಕದ್ದಮೆ ಹೂಡಿ 1894ರಲ್ಲಿ ಗೆದ್ದರೂ, 1895ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಅವರ ಸುರುಳಿ ಶಿಖರದ ದೇವಾಲಯ ಈಗ ಅಲ್ಲೇ ಹತ್ತಿರದಲ್ಲಿದೆ. ಟೆಂಪಲ್ ಲಾಟ್‌ನವರು 1929ರಲ್ಲಿ ಅಡಿಪಾಯಕ್ಕೆ ನೆಲ ಅಗೆದರು. ಆರ್ಥಿಕ ಕುಸಿತದಿಂದ ಕೆಲಸ ನಿಂತಿತು. 1946ರಲ್ಲಿ ಗುಂಡಿ ಮುಚ್ಚಿದರು. ಅಲ್ಲೀಗ ಹುಲ್ಲುಹಾಸು, ಒಂದು ಮೂಲೆಯಲ್ಲಿ ಅವರ ಪುಟ್ಟ ಚರ್ಚು.