ಒಗೆಯುವ ತೊಟ್ಟಿಗೆ ಪೈಂಟ್ ಬಳಿಯುವ ಮೊದಲು

ಕಾಸರಗೋಡಿನ ನೀರ್ಚಾಲು ಕಡೆಯ ಒಂದು ಹಳೇ ಮನೆ. ಬಾವಿಕಟ್ಟೆಗೆ ತಾಗಿಕೊಂಡೇ ಬಟ್ಟೆ ಒಗೆಯುವ ಸಿಮೆಂಟ್ ತೊಟ್ಟಿ, ಒಂದು ಬದಿ ನೀರು ನಿಲ್ಲಿಸಲು, ಇನ್ನೊಂದು ಬದಿ ಗೀರು ಎಳೆದ ಇಳಿಜಾರು ಹಾಸು. ಮಗನಿಗೆ ಅದನ್ನು ಒಡೆದು ಸ್ಟೀಲ್ ಸಿಂಕ್ ಇಡುವ ಯೋಚನೆ. ತಾಯಿ ಒಪ್ಪಲಿಲ್ಲ. "ಮೇಸ್ತ್ರಿಗಳೇ, ಒಳಗೆ ಮಿಷಿನ್ ಇದೆ, ಆದರೆ ಅಡಿಕೆ ಚೊಗರಿನ ಬಟ್ಟೆ ಅದಕ್ಕೆ ಹಾಕ್ಲಿಕ್ಕಾಗ್ತದಾ?" ಎಂದರು. ನ್ಯಾಯವಾದ ಮಾತು.

ನಳ್ಳಿಯ ನೇರ ಕೆಳಗೆ ಅಂಗೈಯಷ್ಟು ಅಗಲದ ಗುಳಿ. ಸಿಮೆಂಟೆಲ್ಲ ಹೋಗಿ ಜಲ್ಲಿ ಹಲ್ಲು ಬಿಟ್ಟಿತ್ತು. ಸಾಬೂನು ತಿಂದದ್ದು ಅಂತ ಎಲ್ಲರೂ ಹೇಳುತ್ತಾರೆ, ಅದು ತಪ್ಪು. ಸಾಬೂನು ನೀರು ಕ್ಷಾರ, ಸಿಮೆಂಟೂ ಕ್ಷಾರ, ಅವೆರಡಕ್ಕೆ ಜಗಳ ಇಲ್ಲ. ನಮ್ಮ ಕೆಂಪು ಕಲ್ಲಿನ ನೆಲದ ಬಾವಿ ನೀರು ಮೆದು, ಸ್ವಲ್ಪ ಹುಳಿ, ಪಿಎಚ್ 7ಕ್ಕಿಂತ ಕೆಳಗೆ. ಅದು ವರ್ಷಗಟ್ಟಲೆ ಒಂದೇ ಕಡೆ ಬಿದ್ದು ಸಿಮೆಂಟಿನ ಸುಣ್ಣ ಕರಗಿಸುತ್ತದೆ. ಹಿತ್ತಾಳೆ ನಳ್ಳಿಯ ಬುಡದಲ್ಲಿ ಹಸಿರು ಕಲೆ ಕಟ್ಟಿದೆಯಾ ನೋಡಿ, ಅದೂ ಇದೇ ನೀರಿನ ಕೆಲಸ. ಅದರ ಮೇಲೆ ಪಾಚಿ ಹೋಗಲಿ ಅಂತ ಕಕ್ಕಸಿನ ಆಸಿಡ್ ಸುರಿದರೆ ಮುಗೀತು.

ಗುಳಿ ದೊಡ್ಡ ವಿಷಯ ಅಲ್ಲ. ಅಂಚಿನ ಬಿರುಕು ದೊಡ್ಡದು. ಸುತ್ತಿಗೆಯಲ್ಲಿ ಮೆಲ್ಲ ತಟ್ಟುತ್ತಾ ಹೋದೆ, ಒಂದು ಕಡೆ ಟಣ್ ಅಂದದ್ದು ಇನ್ನೊಂದು ಕಡೆ ಡೊಬ್ ಅಂತು, ಅಂದರೆ ಅಲ್ಲಿ ಒಳಗೆ ಟೊಳ್ಳು. ಒಳಗಿನ ಕಬ್ಬಿಣ ತುಕ್ಕು ಹಿಡಿದಾಗ ಎರಡು ಪಾಲಿಗಿಂತ ಜಾಸ್ತಿ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಹೊರಗೆ ತಳ್ಳುತ್ತದೆ. ಅಲ್ಲಿ ಹಿಂದೆ ಯಾರೋ ಮೂರು ಸಲ ಸಿಮೆಂಟ್ ಮೆತ್ತಿದ್ದರು, ಮೂರೂ ಪದರ ಲೆಕ್ಕ ಹಾಕುವ ಹಾಗೆ ಕಾಣುತ್ತಿತ್ತು. ತುಕ್ಕನ್ನು ಒಳಗೇ ಬಿಟ್ಟು ಮೇಲೆ ಮೆತ್ತಿದರೆ ಎಷ್ಟು ದಿನ ನಿಂತೀತು?

ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಕೆತ್ತುವುದೇ. ಡೊಬ್ ಅನ್ನುವ ಭಾಗ ಪೂರ್ತಿ ಉಳಿಯಲ್ಲಿ ತೆಗೆದು, ಕಬ್ಬಿಣದ ಹಿಂಬದಿಗೂ ಬೆರಳು ಹೋಗುವಷ್ಟು ಜಾಗ ಮಾಡಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಝಿಂಕ್ ಪ್ರೈಮರ್ ಹಚ್ಚಬೇಕು. ಆಮೇಲೆ ಸಿಮೆಂಟ್ ಒಂದಕ್ಕೆ ಮೂರು ಹೊಯ್ಗೆ, ಕಲಸುವ ನೀರಿಗೆ ಎಸ್‌ಬಿಆರ್ ಲೇಟೆಕ್ಸ್, ಅಂದರೆ ಗಾರೆ ಗಟ್ಟಿ ಹಿಡಿಯಲು ಹಾಕುವ ಹಾಲಿನಂಥ ರಬ್ಬರ್ ದ್ರವ. ಹೊಯ್ಗೆ ಹೊಳೆಯದ್ದಾಗಲಿ, ಕಡಲಿನದ್ದು ಬೇಡವೇ ಬೇಡ, ಉಪ್ಪಿಗೆ ತುಕ್ಕು ಮತ್ತೆ ಬರುತ್ತದೆ. ಹಳೇ ಕಾಂಕ್ರೀಟನ್ನು ಒದ್ದೆ ಮಾಡಿ, ಲೇಟೆಕ್ಸ್ ಕಲಸಿದ ಸಿಮೆಂಟ್ ಹಾಲು ಬ್ರಷ್‌ನಲ್ಲಿ ಹಚ್ಚಿ, ಅದು ಒಣಗುವ ಮೊದಲೇ ಗಾರೆ ಒತ್ತಬೇಕು. ಒಣಗಿಹೋದರೆ ಕೆರೆದು ಪುನಃ ಹಚ್ಚಿ, ಬೇರೆ ದಾರಿ ಇಲ್ಲ.

ನೀರುಣಿಸುವುದರಲ್ಲೂ ಒಂದು ವಿಷಯ ಇದೆ. ಬರೀ ಸಿಮೆಂಟ್ ಗಾರೆಗೆ ಏಳು ದಿನ ಒದ್ದೆ ಗೋಣಿ ಬೇಕು. ಲೇಟೆಕ್ಸ್ ಹಾಕಿದ್ದಕ್ಕೆ ಒಂದೆರಡು ದಿನ ಸಾಕು, ಆಮೇಲೆ ನೆರಳಲ್ಲಿ ಒಣಗಬೇಕು. ಅದಕ್ಕೇ ನಾನು ಇದನ್ನು ಮಳೆಗಾಲದಲ್ಲಿ ಮುಟ್ಟುವುದಿಲ್ಲ.

ಇನ್ನು ಪೈಂಟ್. ನಮ್ಮ ಮನೆ ತೊಟ್ಟಿಗೆ ನಾನೇ ಎಪಾಕ್ಸಿ, ಅಂದರೆ ನೀರು ಬಿಡದ ಗಟ್ಟಿ ಪೈಂಟ್, ಬಳಿದಿದ್ದೆ, ಹೊಸತರಲ್ಲಿ ಚಂದವೇ ಇತ್ತು. ಹಿಂದಿನ ಗೋಡೆಯ ತೇವ ಒಳಗಿಂದ ಬರುತ್ತಿತ್ತು, ಮಳೆ ಜೋರಿರುವ ಆಟಿ ತಿಂಗಳಲ್ಲಿ ಪೈಂಟ್ ಹಪ್ಪಳದ ಹಾಗೆ ಎದ್ದು ಬಂತು. ಹೆಂಡತಿ ಇವತ್ತಿಗೂ ನೆನಪಿಸುತ್ತಾಳೆ.

ನೀರ್ಚಾಲಿನ ತೊಟ್ಟಿಗೆ ಪೈಂಟ್ ಹಾಕಲಿಲ್ಲ. ಮೂರು ವಾರ ಬಿಟ್ಟು ನೀರು ತುಂಬಿಸಿ ಪೆನ್ಸಿಲ್ ಗೀಟು ಎಳೆದೆ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೀಟು. ಬಿಸಿಲಿಗೆ ಆರಿದ್ದು ಎಷ್ಟು, ಸೋರಿದ್ದು ಎಷ್ಟು ಗೊತ್ತಾಗಬೇಕಲ್ವಾ? ಮರುದಿನ ನೋಡಿದರೆ ಎರಡರಲ್ಲೂ ನೀರು ಒಂದೇ ಲೆಕ್ಕಕ್ಕೆ ಇಳಿದಿತ್ತು. ಆ ಅಮ್ಮ ಬಕೆಟ್ ನೀರನ್ನು ಬಸಳೆ ಬುಡಕ್ಕೆ ಹಾಕಿ, ಚೊಗರಿನ ಬಟ್ಟೆ ತರಲು ಒಳಗೆ ಹೋದರು.