ಬಾವಿಕಟ್ಟೆಯಲ್ಲಿ ಕೂತ ಬಾರಕೂರು

ಉಡುಪಿ ಜಿಲ್ಲೆಯ ಬಾರಕೂರಿನ ಒಂದು ಮನೆಯ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದೆ. ಹಾಸುಗಲ್ಲಿನ ಅಂಚಿನಲ್ಲಿ ಗೆರೆಗಳು ಕಂಡವು. ತೆಂಗಿನ ನಾರಿನಿಂದ ಉಜ್ಜಿದೆ. ಹಳಗನ್ನಡ ಅಕ್ಷರ! "ಅದ್ ಅಜ್ಜನ ಕಾಲದಿಂದ್ಲೂ ಅಲ್ಲೇ ಇತ್ತ್ ಮಾರಾಯ್ರೆ" ಎಂದರು ಮನೆಯವರು.

ಶಾಸನ ಓದುವುದು ನನ್ನ ಕೆಲಸ. ಜೊತೆಗೆ ಬಂದವರೆಲ್ಲ ಒಂದು ಮಾತು ಕೇಳುತ್ತಾರೆ: ಕರಾವಳಿಯನ್ನು ಆಳಿದ ಆಳುಪರ ರಾಜಧಾನಿ, ಆಮೇಲೆ ವಿಜಯನಗರದ 'ಬಾರಕೂರು ರಾಜ್ಯ'ದ ಕೇಂದ್ರ, 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತಾ 'ಫಾಕನೂರ್' ಎಂದು ಬರೆದ ಬಂದರು. ಇಷ್ಟು ದೊಡ್ಡ ಊರು ಹಂಪಿಯ ಹಾಗೆ ಯಾಕೆ ಉಳಿದಿಲ್ಲ?

ಉತ್ತರ ಕಲ್ಲಿನಲ್ಲೇ ಇದೆ. ಹಂಪಿಯಲ್ಲಿ ಗ್ರಾನೈಟು, ಇಲ್ಲಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ನೆಲದೊಳಗಿರುವಾಗ ಮೆತ್ತಗಿರುತ್ತದೆ, ಸುಲಭವಾಗಿ ಕಡಿಯಬಹುದು. ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಗೋಡೆಗೆ ಬಹಳ ಒಳ್ಳೆಯದು. ಆದರೆ ಮೈತುಂಬ ತೂತು, ಅಕ್ಷರ ಕೊರೆಯಲು ಆಗುವುದಿಲ್ಲ. ಹಾಗಾಗಿ ಶಾಸನಕ್ಕೆ, ಮೂರ್ತಿಗೆ ಮಾತ್ರ ಶಿಲೆಕಲ್ಲು. ಗೋಡೆಯ ಮೇಲೆ ಮರದ ಮಾಡು, ಅಂದರೆ ಛಾವಣಿ. ವರ್ಷಕ್ಕೆ ಹತ್ತಿರಹತ್ತಿರ 4,000 ಮಿಲಿಮೀಟರ್ ಮಳೆ ಬೀಳುವ ಕಡೆ ಮಾಡು ಹೋದರೆ ಕಟ್ಟಡ ಮುಗಿದಂತೆ. ಬಿದ್ದ ಕಲ್ಲು ಸುಮ್ನೆ ಬಿದ್ದಿರುತ್ತದೆಯೇ? ಚೌಕಾಕಾರದ ರೆಡಿ ಕಲ್ಲು, ಯಾರದೋ ಗೋಡೆಗೆ, ಬಾವಿಗೆ ಹೋಗುತ್ತದೆ. ನನಗೇನೂ ಸಿಟ್ಟಿಲ್ಲ. ಕಾರಿನಲ್ಲಿ ಹೊತ್ತುಕೊಂಡು ಹೋಗುವವರ ಮೇಲೆ ಮಾತ್ರ ಇದೆ.

ಇಲ್ಲಿನ ಕತ್ತಲೆ ಬಸದಿಗೆ ಹೋದರೆ ಮಾಡನ್ನು ನೋಡಿ. ಕಲ್ಲಿನ ಚಪ್ಪಡಿಗಳನ್ನು ಇಳಿಜಾರಾಗಿ ಹಾಸಿದ್ದಾರೆ, ಥೇಟ್ ನಮ್ಮ ಕರಾವಳಿ ಮನೆಯ ಮಾಡಿನ ಹಾಗೆ. ಮಳೆ ಕಂಡವರು ಕಟ್ಟಿದ್ದು, ಅಲ್ವಾ?

ಶಾಸನ ನೋಡಲು ಮಧ್ಯಾಹ್ನ ಬರಬೇಡಿ. ನೆತ್ತಿಯ ಬಿಸಿಲಿಗೆ ಅಕ್ಷರ ಮಾಯ. ಸಂಜೆಯ ಓರೆ ಬೆಳಕಿಗೆ ಒಂದೊಂದೇ ಎದ್ದು ಬರುತ್ತವೆ. ಕತ್ತಲಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸುಣ್ಣ, ಚಾಕ್‌ಪೀಸ್ ಮಾತ್ರ ಬೇಡ.

ಹೀಗೆ ಓದುವಾಗ ಎರಡು ಮಾತು ಸಿಕ್ಕರೆ ನನಗೆ ಖುಷಿ ಜಾಸ್ತಿ. ಒಂದು, 'ಬಾರಕೂರ ಗದ್ಯಾಣ'. ಊರಿನ ಹೆಸರಿನಲ್ಲೇ ದುಡ್ಡು ನಡೆಯುತ್ತಿತ್ತು ಎಂದರೆ ವ್ಯಾಪಾರ ಎಷ್ಟಿದ್ದಿರಬೇಕು! ಇನ್ನೊಂದು, 'ಹತ್ತು ಕೇರಿಯ ಹಲರು'. ಹಲರು ಎಂದರೆ ಊರಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಪ್ರಮುಖರ ಕೂಟ. ದಾನಕೊಟ್ಟ ರಾಜನಿಗಿಂತ ಇವರ ಬಗ್ಗೆ ಓದುವುದೇ ನನಗೆ ಇಷ್ಟ.

ಆ ಕೇರಿಗಳನ್ನು ಹುಡುಕಲು ಅಗೆಯಬೇಕಾಗಿಲ್ಲ. ಬಸ್ಸಿಳಿದು ಆಟೋದವರಿಗೆ ಮೂಡುಕೇರಿ ಎನ್ನಿ, ಚೌಳಿಕೇರಿ ಎನ್ನಿ, ಕೋಟೆಕೇರಿ ಎನ್ನಿ. ಅಲ್ಲಿಗೇ ಬಿಡುತ್ತಾರೆ.