ಅರ್ಧ ಗಮನ ಮಗುವಿಗೆ ಏನು ಕಲಿಸುತ್ತದೆ

ಕೊರೊನಾದಿಂದ ಶಾಲೆ ಮುಚ್ಚಿ, ಮಕ್ಕಳ ಕ್ಲಾಸ್ ಮನೆಯಲ್ಲೇ ಆನ್‌ಲೈನ್ ನಡೆದ 2020-21ರ ಆ ಒಂದೂವರೆ ವರ್ಷದಲ್ಲಿ ನನ್ನ ಮುಂದೆ ಕೂತ ತಂದೆತಾಯಂದಿರಲ್ಲಿ ಬಹಳ ಜನ ಒಂದೇ ಮಾತು ಹೇಳಿದ್ದಾರೆ. 'ಇಡೀ ದಿನ ಅವನ ಬಾಜೂಕ ಕೂಡ್ತೀನ್ರಿ ಮೇಡಂ. ಆದ್ರೂ ಕ್ಲಾಸಿಗೆ ಲಕ್ಷ್ಯ ಕೊಡಂಗಿಲ್ಲ, ನನಗೂ ಕೆಲಸ ಮಾಡಗೊಡಂಗಿಲ್ಲ.' ಹುಬ್ಬಳ್ಳಿಯ ವಿದ್ಯಾನಗರದವರೂ ಇದನ್ನೇ ಹೇಳುತ್ತಾರೆ, ನವನಗರದವರೂ ಇದನ್ನೇ, ಧಾರವಾಡದ ಸಪ್ತಾಪುರದಿಂದ ಫೋನ್ ಮಾಡಿದವರೂ ಇದನ್ನೇ. ದಿನವಿಡೀ ಹಾಗೆ ಪಕ್ಕದಲ್ಲಿ ಕೂತಿರುವುದರಿಂದಲೇ ತ್ರಾಸು ಜಾಸ್ತಿ ಆಗುತ್ತಿದೆ ಅಂತ ನಾನು ಹೇಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅವರ ಒದ್ದಾಟ ನನಗೆ ಗೊತ್ತು. ಆದರೆ ಇದನ್ನು ಹೇಳಲೇಬೇಕು, ಬಿಡಿಸಿ ಹೇಳಬೇಕು. ತಲೆ ಅಲ್ಲಾಡಿಸಿ ಹೋದವರೇ ಮುಂದಿನ ವಾರ ಅದೇ ದೂರು ಹೊತ್ತು ಬರುತ್ತಾರೆ.

ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ 2021ರ ಆಗಸ್ಟ್ 23ರಿಂದ ಪಾಠ ಶುರು ಅಂತ ಸರ್ಕಾರ ಹೇಳಿತ್ತು. ಚಿಕ್ಕ ಮಕ್ಕಳ ಸರದಿ ಆಗ ಇನ್ನೂ ಬಂದಿರಲಿಲ್ಲ. 2020ರ ಮಾರ್ಚ್‌ನಲ್ಲಿ ಎರಡನೇ ತರಗತಿಯಿಂದ ಮನೆಗೆ ಬಂದ ಮಗು ಆ ಹೊತ್ತಿಗೆ ನಾಲ್ಕನೇ ತರಗತಿ. ಮೂರನೇ ತರಗತಿಯ ಕೋಣೆ ಹೇಗಿರುತ್ತದೆ ಅಂತ ಅದು ನೋಡೇ ಇರಲಿಲ್ಲ. ನಾನು ಮಾತಾಡುತ್ತಿರುವುದು ಈ ವಯಸ್ಸಿನವರ ಬಗ್ಗೆ, ಅಂದರೆ ಆರರಿಂದ ಹತ್ತು ವರ್ಷದವರ ಬಗ್ಗೆ. ದೊಡ್ಡ ಮಕ್ಕಳ ಕಥೆ ಬೇರೆ.

ಒಂದು ಮನೆಯ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ. ತಾಯಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವರು. ಲಾಕ್‌ಡೌನ್ ಆದಾಗ ಹುಬ್ಬಳ್ಳಿಯ ಕೇಶ್ವಾಪುರಕ್ಕೆ, ಅತ್ತೆಯ ಮನೆಗೆ ಬಂದವರು ಇಲ್ಲಿಂದಲೇ ಕೆಲಸ ಮಾಡುತ್ತಿದ್ದರು. ಮಗ ಮೂರನೇ ತರಗತಿ. ಊಟದ ಮೇಜಿನ ಈ ಕಡೆ ಅಮ್ಮನ ಲ್ಯಾಪ್‌ಟಾಪ್, ಆ ಕಡೆ ಮಗನ ಟ್ಯಾಬ್. ಕಣ್ಣಮುಂದೆ ಇರಲಿ ಅಂತ. 'ಒಂದು ದಿನ ಬರೆದಿಡಿ' ಅಂದೆ. ಎಷ್ಟು ಗಂಟೆ, ಅವನು ಏನು ಮಾಡುತ್ತಿದ್ದ, ನೀವು ಏನು ಮಾಡಿದಿರಿ. ಅಷ್ಟೇ. ಅವರು ತಂದ ಹಾಳೆಯಲ್ಲಿ ಹೀಗಿತ್ತು:

'10.05. ಟೀಚರ್ ಹೇಳಿದ್ದು ಬರೀತಿದ್ದ. ನಾನು ಮೇಲ್ ನೋಡ್ತಿದ್ದೆ.'

'10.15. ಬರೆದು ಮುಗಿಸಿ ನೋಟ್‌ಬುಕ್ ತೋರಿಸಿದ. ಹ್ಞೂಂ ಅಂದೆ. ನೋಡಲಿಲ್ಲ.'

'10.20. ಪೆನ್ಸಿಲ್ ಬೀಳಿಸಿದ. ತಗೋ ಅಂದೆ.'

'10.22. ಮತ್ತೆ ಬೀಳಿಸಿ ಮೇಜಿನ ಕೆಳಗೆ ಹೋದ. ಮೀಟಿಂಗ್ ಮ್ಯೂಟ್ ಮಾಡಿ, ಎದ್ದು ಬೈದೆ. ಎಳೆದು ಕೂರಿಸಿ ಪಕ್ಕದಲ್ಲೇ ನಿಂತು ಬರೆಸಿದೆ.'

ಇದನ್ನು ಮಗನ ಕಡೆಯಿಂದ ಓದಿ ನೋಡಿ. ಸುಮ್ಮನೆ ಬರೆಯುತ್ತಿದ್ದಾಗ ಅಮ್ಮ ಸಿಗಲಿಲ್ಲ. ಬರೆದದ್ದನ್ನು ತೋರಿಸಿದಾಗ ಅಮ್ಮನ ಒಂದು ಹ್ಞೂಂ ಸಿಕ್ಕಿತು. ಮೇಜಿನ ಕೆಳಗೆ ಹೋದಾಗ ಮಾತ್ರ ಅಮ್ಮ ಪೂರ್ತಿಯಾಗಿ ಸಿಕ್ಕಳು. ಕಣ್ಣು, ದನಿ, ಕೈ ಎಲ್ಲ ಇವನ ಕಡೆಗೇ. ಯಾವ ಕೆಲಸದಿಂದ ಬೇಕಾದದ್ದು ಸಿಗುತ್ತದೋ ಆ ಕೆಲಸವನ್ನು ಮಗು ಮತ್ತೆ ಮತ್ತೆ ಮಾಡುತ್ತದೆ. ಯೋಚನೆ ಮಾಡಿ ಹೂಡಿದ ಆಟ ಇದಲ್ಲ, ಅವನಿಗೇ ಗೊತ್ತಿಲ್ಲದಂತೆ ಆಗುವಂಥದ್ದು. ಹಠಮಾರಿ, ಬೇಕಂತ ಮಾಡ್ತಾನ ಅಂತೆಲ್ಲ ಅನ್ನಬೇಡಿ.

ಇಲ್ಲಿ ಎಲ್ಲರೂ ಒಂದು ಪ್ರಶ್ನೆ ಕೇಳುತ್ತಾರೆ. 'ಬೈದಿದ್ದು ಅವನಿಗೆ ಹೆಂಗ್ರಿ ಬೇಕಾಗ್ತದ? ಬೈಸಿಕೊಳ್ಳಾಕ ಯಾರಿಗೆ ಇಷ್ಟ?' ಬೈಸಿಕೊಳ್ಳುವುದು ಇಷ್ಟ ಅಂತ ನಾನು ಹೇಳುತ್ತಿಲ್ಲ. ಸ್ಕ್ರೀನ್ ಕಡೆ ತಿರುಗಿರುವ ಅಮ್ಮನ ಮುಖಕ್ಕಿಂತ, ಸಿಟ್ಟಾದರೂ ತನ್ನ ಕಡೆ ತಿರುಗಿದ ಅಮ್ಮನ ಮುಖ ಏಳು ವರ್ಷದ ಮಗುವಿಗೆ ವಾಸಿ. ಅಮ್ಮ ಆಫೀಸಿಗೆ ಹೋಗಿದ್ದರೆ ಈ ಹಂಬಲ ಇಷ್ಟು ಕಾಡುವುದಿಲ್ಲ. ಮನೆಯಲ್ಲಿಲ್ಲ ಅಂದರೆ ಇಲ್ಲ, ಅಜ್ಜಿಯ ಹತ್ತಿರ ಹೋಗುತ್ತದೆ, ಆಡುತ್ತದೆ. ಎದುರಿಗೇ ಕೂತು ಸಿಗದಿರುವ ಅಮ್ಮನನ್ನು ಅದು ದಿನವಿಡೀ ಕರೆಯುತ್ತಲೇ ಇರುತ್ತದೆ.

ಇದರ ಮೇಲೆ ಇನ್ನೊಂದು ಸಂಗತಿ ಸೇರುತ್ತದೆ. ಕೆಲಸದ ನಡುವೆ ಕೂತ ಅಮ್ಮ ಒಮ್ಮೆ ಓಗೊಡುತ್ತಾಳೆ, ನಾಲ್ಕು ಸಲ ಕೊಡುವುದಿಲ್ಲ, ಆರನೇ ಸಲ ಎದ್ದೇ ಬರುತ್ತಾಳೆ. ಅಮೆರಿಕದ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಜೊತೆ ಪ್ರಯೋಗ ಮಾಡಿ ಕಳೆದ ಶತಮಾನದಲ್ಲೇ ಒಂದು ವಿಷಯ ತೋರಿಸಿಕೊಟ್ಟರು. ಕುಕ್ಕಿದ ಪ್ರತಿ ಸಲವೂ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತಾಗ ಬೇಗ ಬಿಟ್ಟುಬಿಡುತ್ತದೆ. ಯಾವಾಗಲೋ ಒಮ್ಮೆ, ಗೊತ್ತಿಲ್ಲದ ಹೊತ್ತಿನಲ್ಲಿ ಕಾಳು ಸಿಗುತ್ತಿದ್ದ ಹಕ್ಕಿ ಬೇಗ ಬಿಡುವುದಿಲ್ಲ, ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಮಕ್ಕಳು ಪಾರಿವಾಳಗಳಲ್ಲ, ನಿಜ. ಆದರೆ ಈ ಒಂದು ವಿಷಯದಲ್ಲಿ ನಾವೆಲ್ಲ ಹಾಗೇ. 'ಹತ್ತು ಸಲ ಕರೆದ್ರ ಒಂದ್ ಸಲ ಹೋಗ್ತೀನ್ರಿ, ಅಷ್ಟರಲ್ಲೇ ಇಟ್ಟೀನಿ' ಅಂತ ಸಮಾಧಾನ ಮಾಡಿಕೊಳ್ಳುವ ತಾಯಿ, ಹತ್ತು ಸಲ ಕರೆಯುವುದನ್ನೇ ಮಗನಿಗೆ ಗಟ್ಟಿ ಮಾಡುತ್ತಿರುತ್ತಾರೆ.

ದೊಡ್ಡವರ ಕಡೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ತಲೆ ಓಡಿಸುವ ಎರಡು ಕೆಲಸಗಳನ್ನು ಮಿದುಳು ಒಟ್ಟಿಗೆ ಮಾಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ, ಪ್ರತಿ ಹಾರಾಟಕ್ಕೂ ಹೊತ್ತು ಹೋಗುತ್ತದೆ, ತಪ್ಪು ಬೀಳುತ್ತದೆ. ಒಂದೊಂದು ಕೈಯಲ್ಲಿ ಒಂದೊಂದು ಜೋಳದ ರೊಟ್ಟಿ ಬಡಿಯೋಕೆ ಹೋದರೆ ಎರಡೂ ಹರಿಯುತ್ತವೆ, ಅಲ್ವಾ? ಸಂಜೆ ಆರಕ್ಕೆ ಮುಗಿಯಬೇಕಾದ ಕೆಲಸ ರಾತ್ರಿ ಹನ್ನೊಂದಕ್ಕೆ ಬಂದು ನಿಲ್ಲುವುದು ಹೀಗೇ.

ಹಾಗಾದರೆ ಏನು ಮಾಡಬೇಕು? ಇದ್ದಾಗ ಪೂರ್ತಿ ಇರಿ, ಇಲ್ಲದಾಗ ಪೂರ್ತಿ ದೂರ ಇರಿ. ಕ್ಲಾಸ್ ಶುರುವಾಗುವ ಮುಂಚೆ ಹತ್ತು ನಿಮಿಷ ಮಗುವಿನ ಜೊತೆ ಕೂತುಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ. ನೋಟ್‌ಬುಕ್ ನೋಡಿ, ಪೆನ್ಸಿಲ್ ಚೂಪು ಮಾಡಿ, ನಿನ್ನೆ ಏನು ಬರೆದೆ ಅಂತ ಕೇಳಿ. ಆಮೇಲೆ ಗೋಡೆ ಗಡಿಯಾರ ತೋರಿಸಿ, 'ದೊಡ್ಡ ಮುಳ್ಳು ಆರಕ್ಕೆ ಬಂದಾಗ ಬರ್ತೀನಿ, ಅಲ್ಲಿ ತನಕ ನಾನು ಆಫೀಸಿನಲ್ಲಿ' ಅನ್ನಿ. ಎದ್ದು ಹೋಗಿ. ಬೇರೆ ಕೋಣೆ ಇಲ್ಲದಿದ್ದರೆ ಕುರ್ಚಿ ತಿರುಗಿಸಿ, ಮಗುವಿಗೆ ಬೆನ್ನು ಮಾಡಿ ಕೂತುಕೊಳ್ಳಿ. ಮುಳ್ಳು ಆರಕ್ಕೆ ಬಂದಾಗ ಬಂದೇಬಿಡಿ. ಮಗು ಕರೆಯದಿದ್ದರೂ ಬನ್ನಿ. ಕರೆಯದೆಯೂ ಅಮ್ಮ ಬರುತ್ತಾಳೆ ಅನ್ನುವುದೇ ಮಗುವಿಗೆ ಗೊತ್ತಾಗಬೇಕಾದದ್ದು. ಆರು ವರ್ಷದವರಿಗೆ ಅರ್ಧ ಗಂಟೆ ದೂರವಾಗಬಹುದು, ಹತ್ತು ನಿಮಿಷದಿಂದ ಶುರು ಮಾಡಿ.

ಇಷ್ಟಕ್ಕೆ ಎಲ್ಲರೂ ಒಪ್ಪುತ್ತಾರೆ. ಒಪ್ಪದಿರುವುದು ಮುಂದಿನದಕ್ಕೆ. ಮಗು ಸುಮ್ಮನೆ ತನ್ನ ಪಾಡಿಗೆ ಬರೆಯುತ್ತಿದೆ ನೋಡಿ, ಆ ಹಾಳೆಯ 10.05, ಆಗ ಅದರ ಹತ್ತಿರ ಹೋಗಿ. ಬೆನ್ನ ಮೇಲೆ ಕೈ ಇಡಿ, 'ಚಂದ ಬರೀತಿದ್ದಿ' ಅನ್ನಿ, ಬನ್ನಿ. ಅಷ್ಟೇ. 'ಅಯ್ಯೋ, ಸುಮ್ಮ ಕೂತಾಗ ಯಾಕ್ರಿ ಮಾತಾಡ್ಸೂದು, ಎದ್ದೇಬಿಡ್ತಾನ' ಅನ್ನುತ್ತಾರೆ. ಎಲ್ಲರೂ ಅನ್ನುತ್ತಾರೆ. ವಿದ್ಯಾವಂತರು, ಟೀಚರ್ ಆಗಿರುವ ತಾಯಂದಿರೂ ಅನ್ನುತ್ತಾರೆ. ದಯವಿಟ್ಟು ಕೇಳಿ. ಸುಮ್ಮನಿದ್ದಾಗ ಯಾರೂ ಬರುವುದಿಲ್ಲ, ಗದ್ದಲ ಮಾಡಿದಾಗ ಬರುತ್ತಾರೆ ಅನ್ನುವುದೇ ರೋಗದ ಬೇರು. ಸುಮ್ಮನಿದ್ದಾಗ ಬಂದರೆ ಆ ಬೇರು ಸಡಿಲಾಗುತ್ತದೆ. ಮೊದಮೊದಲು ಎದ್ದು ನಿಮ್ಮ ಹಿಂದೆ ಬರಬಹುದು, ಬರಲಿ. ಎರಡು ಮಾತಾಡಿ ಕೂರಿಸಿ ಬನ್ನಿ. ನಾನು ಹೇಳುವ ಎಲ್ಲವನ್ನೂ ಬಿಟ್ಟು ಇದೊಂದನ್ನೇ ಮಾಡಿದ ಮನೆಗಳಲ್ಲೂ ಬದಲಾವಣೆ ನೋಡಿದ್ದೇನೆ.

ಮುಂಚೆಯೇ ಹೇಳಿಬಿಡಬೇಕಾದ ಮಾತೊಂದಿದೆ. ಶುರು ಮಾಡಿದ ಮೊದಲ ಕೆಲವು ದಿನ ಗಲಾಟೆ ಕಡಿಮೆ ಆಗುವುದಿಲ್ಲ, ಹೆಚ್ಚಾಗುತ್ತದೆ. ಹಳೆಯ ಉಪಾಯ ನಡೆಯುತ್ತಿಲ್ಲ ಅಂತ ಗೊತ್ತಾದಾಗ ಮಗು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಆಗ ನನಗೆ ಫೋನ್ ಬರುತ್ತದೆ, 'ಮೇಡಂ, ನೀವು ಹೇಳಿದ್ದು ಉಲ್ಟಾ ಆತು' ಅಂತ. ಉಲ್ಟಾ ಆಗಿಲ್ಲ, ದಾರಿ ಸರಿ ಇದೆ. ಆ ಹೊತ್ತಿನಲ್ಲಿ ಸೋತು ಎದ್ದು ಹೋದರೆ ಮಾತ್ರ ಕೆಟ್ಟಿತು. ಇನ್ನೂ ಜೋರಾಗಿ ಕೂಗಬೇಕು ಅನ್ನುವ ಪಾಠ ಆಗುತ್ತದೆ. ಪೆಟ್ಟು ಬಿದ್ದಿದ್ದರೆ, ಹೊಟ್ಟೆನೋವು, ಜ್ವರ ಇದ್ದರೆ ಎದ್ದು ಹೋಗಲೇಬೇಕು, ಇದನ್ನು ಬೇರೆ ಹೇಳಬೇಕಿಲ್ಲ.

ಗಂಡಂದಿರಿಗೆ ಒಂದು ಮಾತು. ಬಹಳ ಮನೆಗಳಲ್ಲಿ ಅಪ್ಪನ ಮೀಟಿಂಗ್ ಬಾಗಿಲು ಹಾಕಿದ ಕೋಣೆಯಲ್ಲಿ, ಅಮ್ಮನ ಮೀಟಿಂಗ್ ಮಗುವಿನ ಎದುರು. ಸಂಬಳ ಇಬ್ಬರಿಗೂ ಬರುತ್ತದೆ, ಕುಕ್ಕರ್ ಸೀಟಿ ಅಮ್ಮನಿಗೆ ಮಾತ್ರ ಕೇಳಿಸುತ್ತದೆ. 'ಇಬ್ಬರೂ ಸೇರಿ ನೋಡ್ಕೋತೀವ್ರಿ' ಅನ್ನುವ ಉತ್ತರ ನನಗೆ ಸಾಕಾಗಿದೆ. ಇಬ್ಬರೂ ಅರ್ಧರ್ಧ ನೋಡಿದರೆ ಪೂರ್ತಿ ಯಾರೂ ನೋಡಿದಂತಾಗಲಿಲ್ಲ. ಹತ್ತರಿಂದ ಹನ್ನೊಂದು ಅಪ್ಪ, ಹನ್ನೊಂದರಿಂದ ಹನ್ನೆರಡು ಅಮ್ಮ ಅಂತ ಹಾಳೆಯ ಮೇಲೆ ಬರೆದು ಫ್ರಿಜ್‌ಗೆ ಅಂಟಿಸಿ. ಸರದಿ ಇಲ್ಲದವರು ಆ ಹೊತ್ತಿನಲ್ಲಿ ಬಾಗಿಲು ಹಾಕಿಕೊಳ್ಳಲಿ. ಆಗ ಅಮ್ಮನಿಗೂ ಒಂದು ಬಾಗಿಲು ಸಿಗುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಅದು ಪುಣ್ಯ. ಅವರಿಗೂ ಸರಿಯಾದ ಜಾಗ ಬೇಕು. ಧಾರವಾಡದ ಒಂದು ಮನೆಯಲ್ಲಿ ಅಜ್ಜ ನಿವೃತ್ತ ಹೈಸ್ಕೂಲ್ ಮಾಸ್ತರರು. ಮೊಮ್ಮಗಳ ಕ್ಲಾಸಿಗೆ ತಾವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಿದ್ದರು. ಟೀಚರ್ ಪ್ರಶ್ನೆ ಕೇಳಿದ ಕೂಡಲೇ ಪಕ್ಕದಿಂದ ಪಿಸುಮಾತಿನಲ್ಲಿ ಉತ್ತರ. ಕಡೆಗೆ ಆ ಹುಡುಗಿ 'ಊಟ ಆಯ್ತಾ' ಅಂತ ಕೇಳಿದರೂ ಅಜ್ಜನ ಮುಖ ನೋಡಿಯೇ ಹೇಳುವಂತಾಗಿತ್ತು. ಎಂಥ ಅಕ್ಕರೆಯ ಮನುಷ್ಯ! ಅವರನ್ನು ಕ್ಲಾಸಿನಿಂದ ಎಬ್ಬಿಸುವುದು ಕಷ್ಟವಾಯಿತು. ಕ್ಲಾಸ್ ಮುಗಿದ ಮೇಲಿನ ಅರ್ಧ ಗಂಟೆ ನಿಮ್ಮದು ಅಂದೆ. ಮೊಮ್ಮಗಳು ಟೀಚರ್, ಅಜ್ಜ ವಿದ್ಯಾರ್ಥಿ. ಇವತ್ತು ಕಲಿತದ್ದನ್ನು ಅವಳು ಕಲಿಸಬೇಕು, ಇವರು ಬೇಕೆಂದೇ ತಪ್ಪು ಮಾಡಬೇಕು. ಆಮೇಲೆ ಅವಳು ಅಜ್ಜನಿಗೆ ಇಂಪೊಸಿಷನ್ ಕೊಡುತ್ತಿದ್ದಳಂತೆ.

ಸ್ಕ್ರೀನ್ ಹೊತ್ತಿನ ಬಗ್ಗೆಯೂ ಒಂದಿಷ್ಟು ಹೇಳಬೇಕು. ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿಯ ಪ್ರಕಾರ ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ ಎರಡು ಆನ್‌ಲೈನ್ ಅವಧಿ ಸಾಕಿತ್ತು, ಒಂದೊಂದು 30ರಿಂದ 45 ನಿಮಿಷ. ನಿಮ್ಮ ಶಾಲೆ ಒಂಬತ್ತರಿಂದ ಒಂದರವರೆಗೆ ಕೂರಿಸುತ್ತಿದ್ದರೆ, ಮೂರನೇ ಗಂಟೆಯಲ್ಲಿ ಕಿಟಕಿ ನೋಡುವ ಏಳು ವರ್ಷದ ಮಗುವಿಗೆ ಯಾವ ಕಾಯಿಲೆಯೂ ಇಲ್ಲ. ಆ ಮಾತನ್ನು ಶಾಲೆಯವರ ಹತ್ತಿರ ಆಡಿ. ನಾಲ್ಕೈದು ಪೋಷಕರು ಸೇರಿ ಹೋದರೆ ಕೇಳುತ್ತಾರೆ. ಆದರೆ ಅವಧಿ ಕಡಿಮೆ ಮಾಡಿದ ಶಾಲೆಗೆ 'ಫೀ ಪೂರ್ತಿ ತಗೊಂಡು ಕ್ಲಾಸ್ ಕಡಿಮೆ ಮಾಡ್ಯಾರ' ಅಂತ ಜಗಳಕ್ಕೆ ಹೋದವರೂ ನಮ್ಮಲ್ಲೇ ಇದ್ದಾರೆ.

ಮೇಜು, ಟ್ಯಾಬ್, ಬೇರೆ ಕೋಣೆ ಎಲ್ಲ ಇದ್ದವರ ಮಾತು ಇದು. ಗದಗ-ಬೆಟಗೇರಿಯ ನೇಕಾರರ ಮನೆಯೊಂದರಲ್ಲಿ ಇದ್ದದ್ದು ಒಂದೇ ಫೋನ್. ಅದು ಬೆಳಗ್ಗೆ ಅಪ್ಪನ ಜೊತೆ ಹೋಗಿ ಸಂಜೆ ಬರುತ್ತಿತ್ತು. ಹಗಲು ಅಮ್ಮ ಮಗ್ಗದಲ್ಲಿ, ನಾಲ್ಕನೇ ತರಗತಿಯ ಮಗಳು ನೂಲಿನ ಕಂಡಿಕೆ ಸುತ್ತುತ್ತಾ ಪಕ್ಕದಲ್ಲಿ. 2020ರಲ್ಲಿ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ನಡೆಯುತ್ತಿದ್ದಾಗ ಶಿಕ್ಷಕರು ಓಣಿಗೇ ಬಂದು ಗುಡಿಯ ಕಟ್ಟೆಯ ಮೇಲೆ ಪಾಠ ಮಾಡಿದ್ದರು. ಅಕ್ಟೋಬರ್‌ನಲ್ಲಿ ಅದು ನಿಂತ ಮೇಲೆ ವಾಟ್ಸ್‌ಆ್ಯಪ್ ದನಿ ಸಂದೇಶವೇ ಶಾಲೆ. ಆ ತಾಯಿಗೆ ಓದಲು ಅಷ್ಟಾಗಿ ಬರುವುದಿಲ್ಲ. ಸಂಜೆ ಫೋನ್ ಬಂದ ಕೂಡಲೇ ಮಗ್ಗ ನಿಲ್ಲಿಸುತ್ತಿದ್ದರು. 'ಟೀಚರ್ ಏನ್ ಹೇಳ್ಯಾರ, ನನಗೂ ಹೇಳು' ಅಂತ ಮಗಳ ಎದುರು ಕೂರುತ್ತಿದ್ದರು. ಮಗಳು ಹೇಳಿ ಮುಗಿಸುವವರೆಗೆ ಏಳುತ್ತಿರಲಿಲ್ಲ. ನಾನು ಹತ್ತು ನಿಮಿಷ ಅಂತ ಹೇಳುತ್ತಿರುವುದು ಇದನ್ನೇ. ಇದರಿಂದ ಆ ಹುಡುಗಿಯ ಪಾಠ ಸರಿದೂಗಿತು ಅಂತ ನಾನು ಹೇಳುವುದಿಲ್ಲ. ಗುಣಾಕಾರ ಹಿಂದೆ ಬಿದ್ದಿತ್ತು, ಇಂಗ್ಲಿಷ್ ಪೂರ್ತಿ ನಿಂತಿತ್ತು. ಅವಳಿಗೆ ಬೇಕಾಗಿದ್ದದ್ದು ಶಾಲೆ, ಆದಷ್ಟು ಬೇಗ. ಅಂಥ ಮನೆಯವರು ನನ್ನ ಅಂಕಣದಿಂದ ಹೊಸದಾಗಿ ಕಲಿಯುವುದು ಕಡಿಮೆ.

ಇಲ್ಲಿ ಹೇಳಿದ್ದು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಕೊರೊನಾಕ್ಕೆ ಮುಂಚೆ, ಶಾಲೆಯಲ್ಲೂ ಒಂದು ಕಡೆ ಕೂರುತ್ತಿರಲಿಲ್ಲ ಅಂದರೆ, ಎಂಟು ವರ್ಷವಾದರೂ ಅಕ್ಷರ ಕೂಡಿಸಿ ಓದಲು ಬರುತ್ತಿಲ್ಲ ಅಂದರೆ, ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದೆ ಅಂದರೆ ಗಡಿಯಾರದ ಉಪಾಯ ಸಾಲದು. ಮಕ್ಕಳ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗಿ. ಹೋಗಲು ನಾಚಿಕೆ ಬೇಡ.

ಇನ್ನು 2021ರ ಏಪ್ರಿಲ್, ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಯಾರನ್ನಾದರೂ ಕಳೆದುಕೊಂಡ ಮನೆಗಳು. ಅಲ್ಲಿ ಮಗು ಅಮ್ಮನ ಸೆರಗು ಬಿಡದಿದ್ದರೆ ಅದಕ್ಕೆ ಭಯ ಕಾರಣ. ಅಲ್ಲಿ ನಾನು ಹೇಳಿದ ಯಾವುದನ್ನೂ ಮಾಡಬೇಡಿ. ಬೆನ್ನು ತಿರುಗಿಸಿ ಕೂರಬೇಡಿ, ಕರೆದಾಗಲೆಲ್ಲ ಹೋಗಿ. ಅಂದಿನ ಕ್ಲಾಸ್ ಬೇಡ ಅಂದರೆ ಬಂದ್ ಮಾಡಿ ಜೊತೆಗೆ ಮಲಗಿಸಿಕೊಳ್ಳಿ, ಟೀಚರ್‌ಗೆ ಒಂದು ಮೆಸೇಜ್ ಹಾಕಿ. ಅವರಿಗೆ ಅರ್ಥವಾಗುತ್ತದೆ.